‘ಟೈಮ್ ಎಷ್ಟಾಯ್ತು ಸಾರ್?’: ಗಂಡಸರನ್ನು ಇಷ್ಟಪಡುವ ಗಂಡಸರ ಗುಟ್ಟಿನ ಜಾಗ, ಗುಟ್ಟಿನ ಮಾತು

ಮುಡುಕುತೊರೆ ಜಾತ್ರೆಯಲ್ಲಿ ದನದ ವ್ಯಾಪಾರ ನೋಡಿದವರಿಗೆ ಇದು ಗೊತ್ತು. ದಲ್ಲಾಳಿಯೂ ಕೊಳ್ಳುವವನೂ ಎದುರುಬದುರು ನಿಂತು ಕೈಮೇಲೊಂದು ಟವೆಲ್ ಹೊದಿಸಿಕೊಳ್ಳುತ್ತಾರೆ. ಬಾಯಲ್ಲಿ ಮಳೆ ಬೆಳೆ ಮಾತು, ಟವೆಲ್ ಕೆಳಗೆ ಬೆರಳಲ್ಲಿ ರೇಟು. ಸುತ್ತ ಹತ್ತು ಜನ ನಿಂತಿದ್ದರೂ ಜೋಡೆತ್ತು ಎಷ್ಟಕ್ಕೆ ಹೋಯಿತು ಅನ್ನುವುದು ಆ ಇಬ್ಬರಿಗೆ ಬಿಟ್ಟು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಎಲ್ಲರ ಕಣ್ಣೆದುರೇ ಗುಟ್ಟು ನಡೆಸುವ ವಿದ್ಯೆ ನಮ್ಮ ಸೀಮೆಗೆ ಹೊಸದೇನಲ್ಲ.

ಇವತ್ತು ಬರೆಯುತ್ತಿರುವುದು ಇನ್ನೊಂದು ಬಗೆಯ ಗುಟ್ಟಿನ ಬಗ್ಗೆ. ಗಂಡಸರನ್ನೇ ಇಷ್ಟಪಡುವ ಗಂಡಸರು, ಅಂದರೆ ಈಗ ಗೇ ಅನ್ನುತ್ತಾರಲ್ಲ, ಅವರು ಬಾಯಿ ಬಿಟ್ಟರೆ ಮನೆಯೂ ಹೋಗಿ ಕೆಲಸವೂ ಹೋಗುತ್ತಿದ್ದ ಕಾಲದಲ್ಲಿ ಒಬ್ಬರನ್ನೊಬ್ಬರು ಹೇಗೆ ಗುರುತು ಹಿಡಿದರು? ಎಲ್ಲಿ ಸೇರಿದರು? ಏನು ಮಾತು ಕಟ್ಟಿಕೊಂಡರು? ‘ಅಂಥವರು ನಮ್ಮ ಕಡೆ ಇಲ್ಲ ಬಿಡಿ’ ಅಂತ ಹೇಳುವವರು ಒಂದು ವಿಷಯ ಯೋಚಿಸಿ. ಇಂಥವರನ್ನು ಹೀಯಾಳಿಸಲು ನಮ್ಮೂರುಗಳಲ್ಲಿ ಪದಗಳಿಗೇನೂ ಬರವಿಲ್ಲ. ‘ಒಂಬತ್ತು’ ಅನ್ನುವ ಬರೀ ಅಂಕಿಯೂ ಬೈಗುಳವಾಗಿದೆ. ಇಲ್ಲದವರಿಗೆ ಯಾರೂ ಹೆಸರಿಡುವುದಿಲ್ಲ.

ಮೊದಲು ಗುಟ್ಟು ಯಾಕೆ ಬೇಕಾಯಿತು ಅನ್ನುವುದು. ಇಂಗ್ಲೆಂಡಿನಲ್ಲಿ ಎಂಟನೇ ಹೆನ್ರಿ 1533ರಲ್ಲಿ ಒಂದು ಕಾನೂನು ತಂದ. ಗಂಡಸು ಗಂಡಸು ಕೂಡಿದರೆ ಮರಣದಂಡನೆ. ಲಂಡನ್ನಿನಲ್ಲಿ ‘ಮದರ್ ಕ್ಲ್ಯಾಪ್’ ಅನ್ನುವ ಹೆಂಗಸು ನಡೆಸುತ್ತಿದ್ದ ಮನೆಯೊಂದರಲ್ಲಿ ಇಂಥ ಗಂಡಸರು ಸೇರುತ್ತಿದ್ದರು. ಆ ಮನೆಯ ಮೇಲೆ ದಾಳಿಯಾಗಿ 1726ರಲ್ಲಿ ಮೂವರನ್ನು ಗಲ್ಲಿಗೇರಿಸಿದರು. ಅದೇ ಕಾನೂನಿನ ಮರಿ ನಮ್ಮ ದೇಶಕ್ಕೂ ಬಂತು. ಮೆಕಾಲೆ 1837ರಲ್ಲಿ ಕರಡು ಮಾಡಿದ ದಂಡಸಂಹಿತೆ 1860ರಲ್ಲಿ ಕಾನೂನಾಗಿ, 1862ರ ಜನವರಿ 1ರಿಂದ ಜಾರಿಗೆ ಬಂತು. ಅದರ 377ನೇ ಸೆಕ್ಷನ್ ‘ಪ್ರಕೃತಿ ವಿರುದ್ಧ’ದ ಕೂಟಕ್ಕೆ ಜೀವಾವಧಿ ಅಥವಾ ಹತ್ತು ವರ್ಷದವರೆಗೆ ಶಿಕ್ಷೆ ಅಂತ ಬರೆಯಿತು. ಇಬ್ಬರೂ ಒಪ್ಪಿದ್ದರೂ ಅಷ್ಟೇ, ಬಾಗಿಲು ಹಾಕಿಕೊಂಡಿದ್ದರೂ ಅಷ್ಟೇ.

ಆಗ ನಮ್ಮ ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರವರೆಗೂ ಹಾಗೇ ಇತ್ತು. ಪಕ್ಕದ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಬಂದ ಊರು, ಮೈಸೂರು ಸಂಸ್ಥಾನದ್ದು. ಸರ್ಕಾರ ಬೇರೆ ಬೇರೆಯಾದರೂ ಈ ದಂಡಸಂಹಿತೆ ಎರಡು ಕಡೆಯೂ ಒಂದೇ ಆಯಿತು.

ಈ ಸೆಕ್ಷನ್ನಿನಲ್ಲಿ ಜೈಲಿಗೆ ಹೋದವರು ಎಷ್ಟು ಜನ ಅಂತ ಲೆಕ್ಕ ಹಾಕಿದರೆ ಕಥೆ ಅರ್ಥವಾಗುವುದಿಲ್ಲ. ಒಪ್ಪಿ ಕೂಡಿದ ದೊಡ್ಡವರ ಮೇಲೆ ನಡೆದ ಕೇಸುಗಳು ಕಡಿಮೆ. 1884ರಲ್ಲಿ ಅಲಹಾಬಾದ್ ಹೈಕೋರ್ಟಿಗೆ ಖೈರಾತಿ ಅನ್ನುವವನ ಕೇಸು ಬಂತು. ಹೆಂಗಸರ ಬಟ್ಟೆ ಹಾಕಿಕೊಂಡು ಹಾಡುತ್ತಿದ್ದ ಅನ್ನುವಲ್ಲಿಂದ ಅನುಮಾನ ಶುರುವಾಗಿ, ವೈದ್ಯರ ಪರೀಕ್ಷೆ ಮಾಡಿಸಿ ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತ್ತು. ಯಾರ ಜೊತೆ, ಎಲ್ಲಿ, ಯಾವಾಗ ಅನ್ನುವುದೇ ಇಲ್ಲವಲ್ಲ ಅಂತ ಹೈಕೋರ್ಟ್ ಬಿಟ್ಟು ಕಳಿಸಿತು. ಸೆಕ್ಷನ್ನಿನ ನಿಜವಾದ ಕೆಲಸ ನಡೆದದ್ದು ಕೋರ್ಟಿನ ಹೊರಗೆ, ರಸ್ತೆಯ ಮೇಲೆ. ‘ಠಾಣೆಗೆ ನಡಿ’ ಅನ್ನುವ ಒಂದೇ ಮಾತಿಗೆ ಜೇಬು ಖಾಲಿಯಾಗುತ್ತಿತ್ತು.

ಇನ್ನು ಜಾಗ. ಇಂಥವರು ಸೇರಲು ಯಾವ ಜಾಗ ಆರಿಸಿಕೊಳ್ಳುತ್ತಿದ್ದರು ಅಂತ ಪಟ್ಟಿ ನೋಡಿದರೆ ಲಂಡನ್, ಮುಂಬೈ, ದೆಹಲಿ, ಬೆಂಗಳೂರು ಎಲ್ಲಾ ಕಡೆ ಒಂದೇ ಲೆಕ್ಕ ಕಾಣುತ್ತದೆ. ಪಾರ್ಕು, ರೈಲ್ವೆ ಸ್ಟೇಷನ್, ಬಸ್ ಸ್ಟ್ಯಾಂಡು, ಸಾರ್ವಜನಿಕ ಶೌಚಾಲಯ, ಸಿನಿಮಾ ಥಿಯೇಟರು. ಹೊರಗಿನವರಿಗೆ ಇದು ಅಸಹ್ಯವಾಗಿ ಕಾಣಬಹುದು. ಲೆಕ್ಕ ಇಷ್ಟೇ: ಒಂಟಿ ಗಂಡಸು ಅರ್ಧ ಗಂಟೆ ಸುಮ್ಮನೆ ನಿಂತಿದ್ದರೂ ‘ಯಾಕಪ್ಪಾ ನಿಂತಿದ್ದೀಯ’ ಅಂತ ಯಾರೂ ಕೇಳಬಾರದು. ಅಂಥ ಜಾಗ ಊರಲ್ಲಿ ಎಷ್ಟಿರುತ್ತವೆ ಹೇಳಿ? ಹಳ್ಳಿಯ ಅರಳಿಕಟ್ಟೆಯ ಮೇಲೆ ಹೊಸಬ ಕೂತರೆ ಐದು ನಿಮಿಷಕ್ಕೆ ಅವನ ಊರು, ಕುಲ, ಯಾರ ಮನೆಗೆ ಬಂದಿದ್ದಾನೆ ಎಲ್ಲಾ ಆಚೆಗೆ ಬರುತ್ತದೆ. ನಮ್ಮ ಹನೂರು–ಮಲೆ ಮಹದೇಶ್ವರ ಬೆಟ್ಟದ ದಾರಿಯಲ್ಲಂತೂ ವೀರಪ್ಪನ್ ಕಾಲದಲ್ಲಿ ಸಂಜೆ ಮೇಲೆ ಒಬ್ಬನೇ ನಿಂತರೆ ಎಸ್‌ಟಿಎಫ್‌ನವರಿಗೆ ಉತ್ತರ ಹೇಳಬೇಕಿತ್ತು. ನಾವು ಆಗ ಸ್ಕೂಲಿಗೆ ಹೋಗುವ ಹುಡುಗರು. ದೊಡ್ಡವರು ಕತ್ತಲಾಗುವ ಮೊದಲೇ ಮನೆ ಸೇರುತ್ತಿದ್ದರು.

ಹಾಗಾಗಿ ಯಾರೂ ಯಾರನ್ನೂ ಕೇಳದ ಊರು ಬೇಕು. ನಮ್ಮವರಿಗೆ ಅದು ಬೆಂಗಳೂರು. ಕೊಳ್ಳೇಗಾಲದಲ್ಲಿ ಬಸ್ ಹತ್ತಿ ಮಳವಳ್ಳಿ, ಹಲಗೂರು, ಸಾತನೂರು, ಕನಕಪುರ ದಾಟಿ ಹೋಗುವ ದಾರಿ ಎಲ್ಲರಿಗೂ ಗೊತ್ತು. ಗಾರೆ ಕೆಲಸಕ್ಕೆ, ಹೋಟೆಲ್ ಕೆಲಸಕ್ಕೆ, ಕಾಲೇಜಿಗೆ ಅಂತ ಹೋದವರಲ್ಲಿ ಇಂಥವರೂ ಇದ್ದರು. ಬೆಂಗಳೂರಿನಲ್ಲಿ ಇವರ ಹಳೇ ಜಾಗಗಳಲ್ಲಿ ಹೆಸರು ಮಾಡಿದ್ದು ಎರಡು: ಮೆಜೆಸ್ಟಿಕ್ ಮತ್ತು ಕಬ್ಬನ್ ಪಾರ್ಕ್. ಇವನ್ನು ಹೆಸರಿಸಲು ನನಗೆ ಹಿಂಜರಿಕೆ ಇಲ್ಲ. ಇಪ್ಪತ್ತೈದು ವರ್ಷದಿಂದ ವರದಿ, ಪುಸ್ತಕ, ಪೇಪರುಗಳಲ್ಲಿ ಬಂದಿರುವ ಹೆಸರುಗಳು.

ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರುವುದು ಹಿಂದೆ ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ. ಹೆಸರು ಮಾತ್ರ ಅಲ್ಲಿದ್ದ ಒಂದು ಥಿಯೇಟರಿನದು. ಕಬ್ಬನ್ ಪಾರ್ಕನ್ನು 1870ರಲ್ಲಿ ಎಂಜಿನಿಯರ್ ಸ್ಯಾಂಕಿ ಕಾಲದಲ್ಲಿ ಮಾಡಿದರು. ಮೊದಲ ಹೆಸರು ಮೀಡ್ಸ್ ಪಾರ್ಕ್, 1927ರಿಂದ ದಾಖಲೆಯಲ್ಲಿ ಶ್ರೀ ಚಾಮರಾಜೇಂದ್ರ ಪಾರ್ಕ್. ಅದರ ಒಂದು ಅಂಚಿಗೆ ಹೈಕೋರ್ಟು, ಎದುರಿಗೆ ವಿಧಾನಸೌಧ. ಕಾನೂನು ಮಾಡುವವರೂ ಕಾನೂನು ನೋಡುವವರೂ ಕೂರುವ ಕಟ್ಟಡಗಳಿಂದ ಒಂದು ಕೂಗಳತೆ ದೂರದ ಮರಗಳ ಕೆಳಗೆ, ಕಾನೂನು ಅಪರಾಧಿ ಅಂತ ಕರೆದ ಗಂಡಸರು ಸಂಜೆ ಹೊತ್ತು ಬೆಂಚಿನ ಮೇಲೆ ಕೂತು ದಾರಿ ನೋಡುತ್ತಿದ್ದರು. ಬಂದವರಲ್ಲಿ ಗುಮಾಸ್ತರಿದ್ದರು, ಕೂಲಿಯವರಿದ್ದರು, ಮದುವೆಯಾಗಿ ಮಕ್ಕಳಿದ್ದವರೂ ಇದ್ದರು. ಬರೀ ದೇಹದಾಸೆಗೆ ಬಂದವರೂ ಉಂಟು. ಆದರೆ ಹಗಲೆಲ್ಲಾ ಗಂಡಸಿನ ವೇಷ ಹಾಕಿದವನು ಒಂದು ಗಂಟೆ ತನ್ನಂಥವರ ಜೊತೆ ನಕ್ಕು ಮಾತಾಡಿ ಹೋಗಲು ಬಂದದ್ದೂ ಅಷ್ಟೇ ನಿಜ.

ಹೊಸಬ ಸಿಕ್ಕರೆ ‘ನೀನು ಅಂಥವನಾ’ ಅಂತ ಕೇಳಲಾಗುವುದಿಲ್ಲ. ಕೇಳಿದವನ ಲೆಕ್ಕ ತಪ್ಪಿದರೆ ಹೊಡೆತ ಬೀಳುತ್ತದೆ. ಅದಕ್ಕೇ ಮೊದಲು ಕಣ್ಣು. ಹಾದುಹೋಗುವಾಗ ಒಂದು ಸಲ ನೋಡುವುದು, ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡುವುದು. ಅವನೂ ತಿರುಗಿದ್ದರೆ ಅರ್ಧ ಕೆಲಸವಾಯಿತು. ಆಮೇಲೆ ಯಾರು ಯಾರಿಗೆ ಬೇಕಾದರೂ ಕೇಳಬಹುದಾದ ಮಾತು: ‘ಟೈಮ್ ಎಷ್ಟಾಯ್ತು ಸಾರ್?’, ‘ಬೆಂಕಿಪೊಟ್ಟಣ ಇದೆಯಾ?’ ಟೈಮ್ ಹೇಳಿ ಸುಮ್ಮನಾದರೆ ಅವನು ಬರೀ ದಾರಿಹೋಕ. ಟೈಮ್ ಹೇಳಿ ಪಕ್ಕಕ್ಕೆ ಸರಿದು ಬೆಂಚಿನಲ್ಲಿ ಜಾಗ ಬಿಟ್ಟರೆ ಬೇರೆ. ಕೈಯಲ್ಲಿ ವಾಚು ಕಟ್ಟಿಕೊಂಡಿದ್ದವನೇ ಟೈಮ್ ಕೇಳಿದರೆ ಅದೂ ಒಂದು ಉತ್ತರವೇ. ಈ ಮಾತಿನ ಜಾಣತನ ನೋಡಿ. ಯಾವ ಹಂತದಲ್ಲಿ ಬೇಕಾದರೂ ಹಿಂದೆ ಸರಿಯಬಹುದು, ಮಾನ ಹೋಗುವುದಿಲ್ಲ.

ಅಮೆರಿಕದಲ್ಲಿ 1970ರ ದಶಕದಲ್ಲಿ ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಬಣ್ಣದ ಕರವಸ್ತ್ರ ಇಟ್ಟುಕೊಂಡು, ಯಾವ ಬಣ್ಣ, ಯಾವ ಜೇಬು ಅನ್ನುವುದರಲ್ಲೇ ತಮಗೇನು ಇಷ್ಟ ಅಂತ ಹೇಳಿಕೊಳ್ಳುತ್ತಿದ್ದರು. ಹೆಗಲ ಮೇಲೆ ಹಸಿರು ಟವೆಲ್ ಕಂಡರೆ ರೈತಸಂಘದವರು ಅಂತ ದೂರದಿಂದಲೇ ಹೇಳುವ ನಮಗೆ ಇದು ವಿಚಿತ್ರ ಅನ್ನಿಸಬೇಕಾಗಿಲ್ಲ. ವ್ಯತ್ಯಾಸ ಏನೆಂದರೆ ರೈತಸಂಘದ ಟವೆಲ್ ಎಲ್ಲರಿಗೂ ಕಾಣಲಿ ಅಂತ, ಆ ಕರವಸ್ತ್ರ ತಿಳಿದವರಿಗೆ ಮಾತ್ರ ತಿಳಿಯಲಿ ಅಂತ.

ನನಗೆ ಬಲು ಇಷ್ಟವಾದದ್ದು ಮಾತಿನ ಕಥೆ. ಕನ್ನಡದಲ್ಲಿ ಗಂಡೋ ಹೆಣ್ಣೋ ಅನ್ನುವುದನ್ನು ಮುಚ್ಚಿಡುವುದು ಸುಲಭವಲ್ಲ. ‘ಬಂದ’ ಅಂದರೆ ಗಂಡಸು, ‘ಬಂದಳು’ ಅಂದರೆ ಹೆಂಗಸು. ಕರೆಯುವಾಗಲೂ ಹಾಗೇ. ಗಂಡುಹುಡುಗನಿಗೆ ‘ಬಾರೋ’, ಹೆಣ್ಣುಮಗಳಿಗೆ ‘ಬಾರೇ’. ಈ ವ್ಯಾಕರಣವನ್ನೇ ಇವರು ಆಟದ ಸಾಮಾನು ಮಾಡಿಕೊಂಡರು. ಪಾರ್ಕಿನೊಳಗೆ ತಮ್ಮವರೇ ಸೇರಿದಾಗ ಮೀಸೆ ಇರುವವನೂ ಇನ್ನೊಬ್ಬನಿಗೆ ‘ಬಾರೇ’, ‘ಹೋಗೇ ಸಾಕು’ ಅನ್ನುತ್ತಾನೆ. ಹಿರಿಯನಾದವನು ಅಕ್ಕ ಅಥವಾ ಅಮ್ಮ, ಹೊಸದಾಗಿ ಬಂದ ಹುಡುಗ ಮಗಳು. ಹುಟ್ಟಿದ ಮನೆಯಲ್ಲಿ ಹೇಳಿಕೊಳ್ಳಲಾಗದವರಿಗೆ ಅಲ್ಲೊಂದು ಮನೆ, ಅದಕ್ಕೊಂದು ನಂಟಸ್ತಿಕೆ. ಗೇಟು ದಾಟಿ ರಸ್ತೆಗೆ ಬಂದ ಕೂಡಲೇ ಮತ್ತೆ ‘ಏನೋ ಮಗಾ’.

ಕನ್ನಡ ಹಿಡಿದುಕೊಡುವ ಹಾಗೆ ಬಚ್ಚಿಡುವುದಕ್ಕೂ ಒಂದು ಸಂದು ಬಿಟ್ಟಿದೆ. ಅದು ಮರ್ಯಾದೆಯ ಮಾತು. ‘ಬಂದರು’ ಅಂದಾಗ ಗಂಡೋ ಹೆಣ್ಣೋ ತಿಳಿಯುವುದಿಲ್ಲ. ‘ನಮ್ಮೋರು ಊರಿಂದ ಬಂದವ್ರೆ, ಬೇಗ ಹೋಗ್ಬೇಕು’ ಅಂತ ಫ್ಯಾಕ್ಟರಿಯಲ್ಲೋ ಆಫೀಸಿನಲ್ಲೋ ಹೇಳಿ ಹೊರಟರೆ ಸುಳ್ಳು ಹೇಳಿದಂತೆಯೂ ಆಗಲಿಲ್ಲ, ನಿಜ ಹೊರಬಿದ್ದಂತೆಯೂ ಆಗಲಿಲ್ಲ. ನಮ್ಮ ಹೆಂಗಸರು ಗಂಡನ ಹೆಸರು ಹೇಳದೆ ಒಂದು ಜೀವಮಾನ ಸಂಸಾರ ಮಾಡಿದ್ದು ಇದೇ ‘ನಮ್ಮೋರು’, ‘ನಮ್ಮನೆಯೋರು’ ಅನ್ನುವ ಪದಗಳಿಂದಲೇ.

ಇದರ ಜೊತೆಗೆ ಬೇರೆಯವರಿಗೆ ತಿಳಿಯದ ಪದಗಳೂ ಇದ್ದವು. ಇಲ್ಲಿ ಬರೆಯುತ್ತಿರುವುದು ಆಗಲೇ ಪುಸ್ತಕಗಳಲ್ಲಿ ಅಚ್ಚಾಗಿರುವ ಪದಗಳನ್ನು ಮಾತ್ರ. ನಡೆನುಡಿಯಲ್ಲಿ ಹೆಣ್ತನ ಇರುವ ಗಂಡಸು ‘ಕೋಥಿ’. ಅವನು ಇಷ್ಟಪಡುವ, ಹೊರಗೆ ಎಲ್ಲರ ಹಾಗೆ ಇರುವ ಗಂಡಸು ತಮಿಳುನಾಡು, ಕರ್ನಾಟಕದ ಕಡೆ ‘ಪಂತಿ’, ದೆಹಲಿ ಕಡೆ ‘ಗಿರಿಯಾ’, ಬಂಗಾಳದಲ್ಲಿ ‘ಪಾರಿಖ್’. ಎರಡೂ ಆಗಿರುವವನಿಗೆ ‘ಡಬಲ್ ಡೆಕ್ಕರ್’. ಈ ಕೋಥಿ ಅನ್ನುವುದನ್ನು ನಮ್ಮ ಮೈಸೂರು ಸೀಮೆಯವರು ಕೇಳಿದರೆ ಮರದ ಮೇಲಿನ ಕೋತಿ ನೆನಪಾಗುತ್ತದೆ. ಪಕ್ಕದಲ್ಲಿ ನಿಂತು ಕೇಳಿಸಿಕೊಂಡವನು ಯಾರೋ ಮಂಗನ ವಿಷಯ ಅಂದುಕೊಂಡು ಹೋಗುತ್ತಾನೆ. ಗುಟ್ಟಿನ ಮಾತಿಗೆ ಇದಕ್ಕಿಂತ ಒಳ್ಳೇ ಹೊದಿಕೆ ಬೇಕೇ? ತಮಾಷೆಯೆಂದರೆ ಪಂತಿ ಅನ್ನಿಸಿಕೊಂಡವನಿಗೆ ಎಷ್ಟೋ ಸಲ ತನಗೆ ಹಾಗೊಂದು ಹೆಸರಿದೆ ಅನ್ನುವುದೇ ಗೊತ್ತಿರುವುದಿಲ್ಲ. ಅವನು ತನ್ನನ್ನು ಬೇರೆ ಅಂದುಕೊಂಡೇ ಇಲ್ಲ. ಊರಲ್ಲಿ ಹೆಂಡತಿ ಮಕ್ಕಳಿದ್ದಾರೆ, ಮೆಜೆಸ್ಟಿಕ್‌ನಲ್ಲಿ ಒಬ್ಬ ಗೆಳೆಯ ಇದ್ದಾನೆ, ಅಷ್ಟೇ.

ಇವುಗಳಲ್ಲಿ ಎಷ್ಟೋ ಪದಗಳು ಹಿಜ್ರಾ ಸಮುದಾಯದ ಹಳೇ ಗುಟ್ಟಿನ ಭಾಷೆಯ ಜೊತೆ ಕಲೆತಿವೆ. ಉತ್ತರದಲ್ಲಿ ಅದನ್ನು ಫಾರ್ಸಿ ಅಂತಲೂ ಉಲ್ಟಿ ಅಂತಲೂ ಕರೆಯುತ್ತಾರೆ. ಹೆಸರು ಫಾರ್ಸಿಯಾದರೂ ಇರಾನಿನ ಪಾರ್ಸಿಗೂ ಅದಕ್ಕೂ ಸಂಬಂಧ ಇಲ್ಲ. ಹಿಂದಿ ವ್ಯಾಕರಣದ ಮೇಲೆ ಬೇರೆ ಪದಗಳನ್ನು ಕೂರಿಸಿದ ಭಾಷೆ. ಅದರಲ್ಲಿ ‘ಚೀಸಾ’ ಅಂದರೆ ಚೆನ್ನಾಗಿದೆ, ‘ಬೀಲಾ’ ಅಂದರೆ ಕೆಟ್ಟದ್ದು, ಅಪಾಯ. ಪೊಲೀಸ್ ಬಂದಾಗ ಒಂದು ಪದ ಸಾಕು, ಎಲ್ಲರೂ ಚದುರುತ್ತಾರೆ. ಸೀರೆಗೆ ‘ಸಾಟ್ಲ’. ಅದರಿಂದಲೇ ಸೀರೆ ಉಡುವ ಕೋಥಿ, ಪ್ಯಾಂಟು ಶರ್ಟಿನ ಕೋಥಿ ಅಂತ ಭೇದ. ಗಾಯತ್ರಿ ರೆಡ್ಡಿಯವರು ಹೈದರಾಬಾದಿನ ಹಿಜ್ರಾಗಳ ಜೊತೆ ಓಡಾಡಿ 2005ರಲ್ಲಿ ತಂದ ಪುಸ್ತಕದಲ್ಲಿ ಈ ಭೇದಗಳೆಲ್ಲಾ ವಿವರವಾಗಿವೆ. ಇವತ್ತು ಲಿಂಗತ್ವ ಅಲ್ಪಸಂಖ್ಯಾತರು ಬೇರೆ, ಗೇ ಗಂಡಸರು ಬೇರೆ ಅಂತ ನಾವು ಬಿಡಿಸಿ ಹೇಳುತ್ತೇವೆ. ಹೇಳಬೇಕಾದದ್ದೇ. ಆದರೆ ಆ ಕಾಲದ ಪಾರ್ಕಿನಲ್ಲಿ ಒಂದೇ ಮರದ ಕೆಳಗೆ ಎಲ್ಲರೂ ಇದ್ದರು. ಲಾಠಿಯೂ ಭೇದ ನೋಡುತ್ತಿರಲಿಲ್ಲ. ಎ. ರೇವತಿಯವರ ಆತ್ಮಕಥೆ, ದು. ಸರಸ್ವತಿಯವರು ‘ಬದುಕು ಬಯಲು’ ಅಂತ ಕನ್ನಡಕ್ಕೆ ತಂದದ್ದು, ಓದಿದರೆ ಬೆಂಗಳೂರಿನ ಹಮಾಮುಗಳ ಒಳಗಿನ ಬದುಕು ಕಾಣುತ್ತದೆ. ಹೊರಗೆ ಬಿಸಿನೀರಿನ ಸ್ನಾನದ ಮನೆ, ಒಳಗೆ ಬೇರೊಂದು ಲೋಕ. ರೇವತಿಯವರ ಊರು ನಾಮಕ್ಕಲ್ ಕಡೆ. ನಮ್ಮ ಪಾಲಾರ್ ಗಡಿ ದಾಟಿ ಮೆಟ್ಟೂರು ದಾರಿ ಹಿಡಿದರೆ ಬಹಳ ದೂರವೇನಿಲ್ಲ.

ಲಂಡನ್ನಿನ ಇಂಥ ಗಂಡಸರಿಗೂ ‘ಪೊಲಾರಿ’ ಅನ್ನುವ ಗುಟ್ಟಿನ ಭಾಷೆ ಇತ್ತು. ಸರ್ಕಸ್ಸಿನವರು, ಹಡಗಿನವರು, ನಾಟಕದವರಿಂದ ಬಂದದ್ದು. ಚೆನ್ನಾಗಿದೆ ಅನ್ನುವುದಕ್ಕೆ ‘ಬೋನಾ’, ಗಂಡಸಿಗೆ ‘ಓಮಿ’, ಹೆಂಗಸಿಗೆ ‘ಪಲೋನಿ’, ಇಂಥ ಗಂಡಸಿಗೆ ಎರಡನ್ನೂ ಸೇರಿಸಿ ‘ಓಮಿ ಪಲೋನಿ’. 1965ರಿಂದ 1968ರವರೆಗೆ ಬಿಬಿಸಿ ರೇಡಿಯೋದ ಒಂದು ಹಾಸ್ಯ ಕಾರ್ಯಕ್ರಮದಲ್ಲಿ ಎರಡು ಪಾತ್ರಗಳು ಇದೇ ಭಾಷೆ ಆಡಿ, ಭಾನುವಾರ ಊಟ ಮಾಡುತ್ತಾ ರೇಡಿಯೋ ಕೇಳುವ ಸಂಸಾರಸ್ಥರನ್ನು ನಗಿಸಿದವು. ನಕ್ಕವರಲ್ಲಿ ಮುಕ್ಕಾಲು ಜನಕ್ಕೆ ಯಾವುದಕ್ಕೆ ನಗುತ್ತಿದ್ದೇವೆ ಅನ್ನುವುದೇ ಗೊತ್ತಿರಲಿಕ್ಕಿಲ್ಲ. 1967ರಲ್ಲಿ ಇಂಗ್ಲೆಂಡು ತನ್ನ ಕಾನೂನು ಸಡಿಲಿಸಿತು. ಮುಂದಿನ ಹತ್ತು ವರ್ಷದಲ್ಲಿ ಪೊಲಾರಿ ಆಡುವವರು ಕಡಿಮೆಯಾಗುತ್ತಾ ಬಂದರು. ನಮಗೆ ಕೊಟ್ಟುಹೋದ ಕಾನೂನನ್ನು ಮಾತ್ರ ನಾವು ಇನ್ನೂ ಐವತ್ತು ವರ್ಷ ಇಟ್ಟುಕೊಂಡೆವು.

ಆ ಐವತ್ತು ವರ್ಷದಲ್ಲಿ ಪಾರ್ಕುಗಳಲ್ಲಿ ಏನು ನಡೆಯಿತು ಅನ್ನುವುದಕ್ಕೆ ಬರಹದ ಸಾಕ್ಷಿ ಇದೆ. 1992ರಲ್ಲಿ ದೆಹಲಿಯ ಕನ್ನಾಟ್ ಪ್ಲೇಸಿನ ಸೆಂಟ್ರಲ್ ಪಾರ್ಕಿನಿಂದ ಪೊಲೀಸರು 18 ಜನರನ್ನು ಹಿಡಿದುಕೊಂಡು ಹೋದರು. ಅದನ್ನು ವಿರೋಧಿಸಿ ಎಬಿವಿಎ ಅನ್ನುವ ಸಂಘಟನೆ ಆಗಸ್ಟ್ 11ರಂದು ಪೊಲೀಸ್ ಕೇಂದ್ರ ಕಚೇರಿ ಮುಂದೆ ಧರಣಿ ಕೂತಿತು. ದೇಶದಲ್ಲಿ ಈ ವಿಷಯಕ್ಕೆ ನಡೆದ ಮೊದಲ ಧರಣಿ ಅಂತ ಅದನ್ನು ಲೆಕ್ಕ ಹಿಡಿಯುತ್ತಾರೆ. 2001ರ ಜುಲೈನಲ್ಲಿ ಲಕ್ನೋದಲ್ಲಿ ಏಡ್ಸ್ ತಡೆಯುವ ಕೆಲಸ ಮಾಡುತ್ತಿದ್ದವರನ್ನೇ 377ರ ಹೆಸರಲ್ಲಿ ಹಿಡಿದು 47 ದಿನ ಜೈಲಿನಲ್ಲಿಟ್ಟರು.

ನಮ್ಮ ರಾಜ್ಯದ ದಾಖಲೆ ಪಿಯುಸಿಎಲ್ ಕರ್ನಾಟಕ ಘಟಕ 2001ರ ಫೆಬ್ರವರಿಯಲ್ಲಿ ತಂದ ವರದಿ. ಬೆಂಗಳೂರಿನಲ್ಲಿ ಇವರಿಗೆ ಆಗುತ್ತಿದ್ದ ಹಿಂಸೆಯನ್ನು ಅದು ಒಂದೊಂದಾಗಿ ಬರೆಯಿತು. ಪಾರ್ಕಿನಲ್ಲಿ ಸಿಕ್ಕವರಿಂದ ಹಣ ಕೀಳುವುದು, ಕೇಸಿಲ್ಲದೆ ಠಾಣೆಯಲ್ಲಿ ಕೂರಿಸುವುದು, ಬೈಗುಳ, ಹೊಡೆತ, ಮನೆಗೆ ತಿಳಿಸುತ್ತೇವೆ ಅನ್ನುವ ಬೆದರಿಕೆ. ಕೊನೆಯದೇ ಎಲ್ಲಕ್ಕಿಂತ ದೊಡ್ಡದು. ಎರಡೇಟು ತಿಂದು ಮರೆಯಬಹುದು, ಅಪ್ಪನಿಗೆ ಹೋಗುವ ಒಂದು ಫೋನನ್ನು ಮರೆಯಲಾಗುವುದಿಲ್ಲ. ದೂರು ಕೊಡೋಣ ಅಂದರೆ, ‘ನೀನು ಅಲ್ಲಿ ಯಾಕೆ ಹೋಗಿದ್ದೆ’ ಅನ್ನುವ ಮೊದಲ ಪ್ರಶ್ನೆಗೇ ಅಪರಾಧ ಒಪ್ಪಿಕೊಂಡ ಹಾಗೆ. ಆ ವರದಿ ಇನ್ನೊಂದು ಮಾತನ್ನೂ ಹೇಳಿತು. ಪೆಟ್ಟು ತಿನ್ನುವವರು ಬಡವರು, ಇಂಗ್ಲಿಷ್ ಬಾರದವರು. ಸ್ವಂತ ರೂಮು, ಕಾರು ಇದ್ದವರಿಗೆ ಪಾರ್ಕಿನ ಅಗತ್ಯ ಇರಲಿಲ್ಲ.

ಅದು ನಿಜ. ಇಂಗ್ಲಿಷ್ ಬಲ್ಲವರಿಗೆ ಬೇರೆ ಬಾಗಿಲುಗಳು ಒಂದೊಂದಾಗಿ ತೆರೆದಿದ್ದವು. 1990ರಲ್ಲಿ ಮುಂಬೈನಲ್ಲಿ ಅಶೋಕ್ ರಾವ್ ಕವಿ ‘ಬಾಂಬೆ ದೋಸ್ತ್’ ಪತ್ರಿಕೆ ಶುರುಮಾಡಿದರು. 1994ರಲ್ಲಿ ಬೆಂಗಳೂರಿನಲ್ಲಿ ‘ಗುಡ್ ಆ್ಯಸ್ ಯು’ ಅನ್ನುವ ಗುಂಪು ಹುಟ್ಟಿ, ಗುರುವಾರ ಗುರುವಾರ ಸೇರತೊಡಗಿತು. ಹೆಸರೇ ಒಂದು ಗುಟ್ಟು. ಮೂರು ಪದಗಳ ಮೊದಲ ಅಕ್ಷರ ಕೂಡಿಸಿದರೆ ಇಂಗ್ಲಿಷಿನ ‘ಗೇ’ ಆಗುತ್ತದೆ, ‘ನಿಮ್ಮಷ್ಟೇ ಒಳ್ಳೆಯವರು’ ಅನ್ನುವ ಅರ್ಥವೂ ಬರುತ್ತದೆ. 1997ರಲ್ಲಿ ಅಲ್ಲಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಈ ಹಕ್ಕುಗಳ ಬಗ್ಗೆ ವಿಚಾರ ಸಂಕಿರಣ ನಡೆಯಿತು. ಇದಕ್ಕೆಲ್ಲಾ ಇಪ್ಪತ್ತು ವರ್ಷ ಮೊದಲು, 1977ರಲ್ಲೇ, ಬೆಂಗಳೂರಿನ ಶಕುಂತಲಾ ದೇವಿ ಇಂಗ್ಲಿಷಿನಲ್ಲಿ ಇಂಥವರ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದರು. ಹೌದು, ಕಂಪ್ಯೂಟರಿಗಿಂತ ಬೇಗ ಗುಣಾಕಾರ ಮಾಡುತ್ತಿದ್ದ ಅದೇ ಶಕುಂತಲಾ ದೇವಿ. ಇವರನ್ನು ಅಪರಾಧಿಗಳ ಹಾಗೆ ನೋಡಬಾರದು ಅಂತ ಬರೆದ ಆ ಪುಸ್ತಕವನ್ನು ಆಗ ಓದಿದವರು ಕಡಿಮೆ.

ಗುರುವಾರದ ಸಭೆಗೆ ಹೋಗಲಾಗದ, ಪಾರ್ಕಿನಲ್ಲೇ ಉಳಿದ ಕನ್ನಡ, ತಮಿಳು ಮಾತಿನವರ ಕಡೆಗೆ ಬಂದದ್ದು 1999ರಲ್ಲಿ ಶುರುವಾದ ‘ಸಂಗಮ’. ‘ಲೈಂಗಿಕ ಅಲ್ಪಸಂಖ್ಯಾತರು’ ಅನ್ನುವ ಪದ ನಮ್ಮ ಪೇಪರುಗಳಲ್ಲಿ ಓಡಾಡಲು ಶುರುವಾದದ್ದು ಈ ಕಾಲದಲ್ಲಿ. ಬೈಗುಳವೂ ಅಲ್ಲದ, ಗುಟ್ಟೂ ಅಲ್ಲದ ಪದವೊಂದು ಸಿಕ್ಕಿತು. ಬಾಯಿಗೆ ಸ್ವಲ್ಪ ಭಾರ, ಇರಲಿ. ಮೈಸೂರಿನಲ್ಲಿ ‘ಆಶೋದಯ ಸಮಿತಿ’ ಕಟ್ಟಿಕೊಂಡ ಲೈಂಗಿಕ ಕಾರ್ಮಿಕರಲ್ಲಿ ಗಂಡಸರೂ ಇದ್ದರು. 2008ರಲ್ಲಿ ಬೆಂಗಳೂರಿನ ಬೀದಿಯಲ್ಲಿ ಮೊದಲ ಪ್ರೈಡ್ ಮೆರವಣಿಗೆ ನಡೆದಾಗ ಕೆಲವರು ಮುಖಕ್ಕೆ ಮುಖವಾಡ ಹಾಕಿಕೊಂಡೇ ನಡೆದರು. 2013ರಲ್ಲಿ ಸಂಡೂರಿನ ವಸುಧೇಂದ್ರ ‘ಮೋಹನಸ್ವಾಮಿ’ ಕಥೆಗಳನ್ನು ತಂದರು. ತಾನು ಗೇ ಅಂತ ತನ್ನ ಹೆಸರಿನಲ್ಲೇ ಹೇಳಿಕೊಂಡು, ಕನ್ನಡದಲ್ಲಿ, ನಮ್ಮಂಥದ್ದೇ ಊರಿಂದ ಬಂದ ಹುಡುಗನ ಕಥೆ ಬರೆದದ್ದು ಸಣ್ಣ ಮಾತಲ್ಲ. ನಮ್ಮ ಲೈಬ್ರರಿಗಳಲ್ಲಿ ಸಿಕ್ಕರೆ ಓದಿ.

ಕೋರ್ಟಿನ ಕಥೆ ಬೇಗ ಹೇಳುತ್ತೇನೆ. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್, ಒಪ್ಪಿದ ವಯಸ್ಕರ ಮಟ್ಟಿಗೆ 377 ಸಲ್ಲದು ಅಂದಿತು. 2013ರ ನವೆಂಬರಿನಲ್ಲಿ ನಮ್ಮ ಹಾಸನದಲ್ಲಿ ಪೊಲೀಸರು ಅದೇ ಸೆಕ್ಷನ್ನಿನಲ್ಲಿ 13 ಜನರನ್ನು ಬಂಧಿಸಿದರು. ಮರು ತಿಂಗಳು, ಡಿಸೆಂಬರ್ 11ಕ್ಕೆ, ಸುಪ್ರೀಂ ಕೋರ್ಟ್ ದೆಹಲಿ ತೀರ್ಪನ್ನು ತಳ್ಳಿಹಾಕಿತು. 2014ರ ಏಪ್ರಿಲ್ 15ರಂದು ಲಿಂಗತ್ವ ಅಲ್ಪಸಂಖ್ಯಾತರ ಹಕ್ಕನ್ನು ಒಪ್ಪಿದ ತೀರ್ಪಿನಲ್ಲಿ ಹಿಜ್ರಾ, ಜೋಗಪ್ಪ ಅನ್ನುವ ಹೆಸರುಗಳ ಜೊತೆ ‘ಕೋಥಿ’ ಅನ್ನುವ ಪದವೂ ಅಚ್ಚಾಯಿತು. ಮರದ ಕೆಳಗೆ ಪಿಸುಗುಟ್ಟುತ್ತಿದ್ದ ಪದ ಸುಪ್ರೀಂ ಕೋರ್ಟಿನ ಕಾಗದಕ್ಕೆ ಬಂತು. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಒಂಬತ್ತು ನ್ಯಾಯಮೂರ್ತಿಗಳು ಹೇಳಿದರು. ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರು ಹಾಕಿದ್ದು ಆಧಾರ್ ವಿಷಯಕ್ಕೆ, ಉಪಯೋಗ ಇವರಿಗೂ ಆಯಿತು. 2018ರ ಸೆಪ್ಟೆಂಬರ್ 6ಕ್ಕೆ ಒಪ್ಪಿದ ವಯಸ್ಕರ ಮೇಲಿನ ಅಪರಾಧದ ಹಣೆಪಟ್ಟಿ ಹೋಯಿತು. ಮದುವೆಯ ಹಕ್ಕನ್ನು ಮಾತ್ರ 2023ರ ಅಕ್ಟೋಬರ್ 17ರ ತೀರ್ಪು ಕೊಡಲಿಲ್ಲ.

ಈಗ ಪಾರ್ಕಿನ ಕೆಲಸವನ್ನು ಫೋನು ಮಾಡುತ್ತಿದೆ. ಗ್ರೈಂಡರ್ 2009ರಲ್ಲಿ ಬಂತು, ಬ್ಲೂಡ್‌ನಂಥವು ಆಮೇಲೆ. ಯಾರು ಎಷ್ಟು ದೂರದಲ್ಲಿದ್ದಾರೆ ಅಂತ ಅದೇ ತೋರಿಸುತ್ತದೆ. ಗುಟ್ಟಿನ ಮಾತುಗಳೂ ಬದಲಾದವು. ಮುಖ ಕಾಣದ ಫೋಟೋ, ಸುಳ್ಳು ಹೆಸರು, ‘ಡಿಸ್ಕ್ರೀಟ್’ ಅನ್ನುವ ಒಂದು ಪದ, ಆಮೇಲೆ ‘ಪ್ಲೇಸ್ ಇದ್ಯಾ?’ ಈ ಕೊನೆಯ ಪ್ರಶ್ನೆಯಲ್ಲಿ ಹೊಸದೇನೂ ಇಲ್ಲ. ಬೀಗ ಹಾಕಿಕೊಳ್ಳಲು ಸ್ವಂತದ್ದೊಂದು ಬಾಗಿಲು ಇಲ್ಲದವನ ಹಳೇ ಪ್ರಶ್ನೆಯೇ ಅದು.

ಹಳೇ ಬಲೆಯೂ ಫೋನಿಗೇ ಬಂದಿದೆ. ಪೊಲೀಸರೇ ಅದನ್ನು ಮೊದಲು ಹಾಕಿ ತೋರಿಸಿದರು ಅನ್ನಬಹುದು. 2006ರ ಜನವರಿಯಲ್ಲಿ ಲಕ್ನೋ ಪೊಲೀಸರು ಒಂದು ಗೇ ವೆಬ್‌ಸೈಟಿನ ಮೂಲಕ ಪರಿಚಯ ಮಾಡಿಕೊಂಡವರಂತೆ ಕರೆಸಿ ನಾಲ್ವರನ್ನು ಬಂಧಿಸಿದ್ದರು. ಈಗ ಅದೇ ಕೆಲಸವನ್ನು ಸುಲಿಗೆ ಗುಂಪುಗಳು ಮಾಡುತ್ತಿವೆ. ಒಬ್ಬನ ಪ್ರೊಫೈಲು, ನಾಲ್ಕು ದಿನ ಸಿಹಿ ಮಾತು, ಊರಾಚೆಯ ಜಾಗಕ್ಕೆ ಕರೆ. ಹೋದರೆ ಅಲ್ಲಿ ನಾಲ್ಕು ಜನ. ಬಟ್ಟೆ ಬಿಚ್ಚಿಸಿ ವಿಡಿಯೋ ಮಾಡಿ, ಅಲ್ಲೇ ಫೋನ್‌ಪೇ ಮಾಡಿಸಿಕೊಳ್ಳುತ್ತಾರೆ. ‘ಮನೆಗೆ ಹೇಳ್ತೀವಿ’ ಅನ್ನುವ ಮಾತು ಮಾತ್ರ 2001ರ ವರದಿಯಲ್ಲಿ ಇದ್ದದ್ದೇ, ಅಕ್ಷರ ಬದಲಾಗಿಲ್ಲ. ಕಾನೂನು ಹೋದರೂ ನಾಚಿಕೆ ಇದೆಯಲ್ಲ, ಅದರ ಮೇಲೆ ಈ ವ್ಯಾಪಾರ ನಡೆಯುತ್ತಿದೆ. ಕೊಳ್ಳೇಗಾಲ, ಹನೂರು, ಯಳಂದೂರಿನಲ್ಲಿ ಯಾರು ಎಲ್ಲಿ ಸೇರುತ್ತಾರೆ ಅನ್ನುವುದನ್ನು ನಾನು ಈ ಲೇಖನದಲ್ಲಿ ಒಂದು ಸಾಲೂ ಬರೆಯದಿರುವುದು ಇದಕ್ಕೇ. ಒಂದು ಜಾಗದ ಹೆಸರು ಬರೆದರೆ ನಾಳೆ ಸಂಜೆ ಅಲ್ಲಿ ಮೊಬೈಲ್ ಕ್ಯಾಮೆರಾ ಹಿಡಿದು ನಿಲ್ಲುವವರು ನಮ್ಮಲ್ಲೇ ಇದ್ದಾರೆ.

ಹಾಗಾಗಿ ಓದುವವರಲ್ಲಿ ಯಾರಿಗಾದರೂ ಬೇಕಾಗಬಹುದು ಅಂತ ಇಷ್ಟು. 18 ತುಂಬಿದ ಇಬ್ಬರು ಒಪ್ಪಿ ಖಾಸಗಿಯಾಗಿ ಸೇರುವುದು ಇವತ್ತು ಅಪರಾಧ ಅಲ್ಲ. 2024ರ ಜುಲೈ 1ರಿಂದ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 377 ಇಲ್ಲವೇ ಇಲ್ಲ. ಇದರಲ್ಲಿ ಒಂದು ಕೊರತೆಯೂ ಇದೆ. ಗಂಡಸಿನ ಮೇಲೆ ಗಂಡಸು ಬಲಾತ್ಕಾರ ಮಾಡಿದರೆ ಹಿಂದೆ ಹಾಕುತ್ತಿದ್ದ ಸೆಕ್ಷನ್ನೂ ಅದೇ ಆಗಿತ್ತು. ಈಗ ಹಲ್ಲೆ, ಅಕ್ರಮವಾಗಿ ಕೂಡಿಹಾಕಿದ್ದು ಅಂತ ಬೇರೆ ಸೆಕ್ಷನ್ನುಗಳಲ್ಲಿ ದೂರು ಕೊಡಬೇಕು. ಬೆದರಿಸಿ ಹಣ ಕಿತ್ತರೆ ಅದು ಸುಲಿಗೆ, ಹೊಸ ಸಂಹಿತೆಯ ಸೆಕ್ಷನ್ 308. ಒಪ್ಪಿಗೆ ಇಲ್ಲದೆ ಖಾಸಗಿ ಅಂಗಗಳ ವಿಡಿಯೋ ಮಾಡಿದರೆ ಐಟಿ ಕಾಯ್ದೆಯ 66ಇ. ಆ ಕ್ಷಣದ ಅಪಾಯಕ್ಕೆ 112. ಆನ್‌ಲೈನಿನಲ್ಲಿ ಹಣ ಹೋಗಿದ್ದರೆ ತಡಮಾಡದೆ 1930. ಯಾರ ಹತ್ತಿರವೂ ಹೇಳಿಕೊಳ್ಳಲಾಗದೆ ಮನಸ್ಸು ಕೆಟ್ಟಿದ್ದರೆ ಟೆಲಿಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಹೆದರಿಕೆಯಲ್ಲಿ ಎಲ್ಲರೂ ಮೊದಲು ಮಾಡುವ ಕೆಲಸ ಆ್ಯಪ್ ಅಳಿಸಿ ಚಾಟ್ ತೆಗೆದುಹಾಕುವುದು. ಅದನ್ನು ಮಾಡಬೇಡಿ. ಆ ಪ್ರೊಫೈಲಿನ ಸ್ಕ್ರೀನ್‌ಶಾಟ್, ಬಂದ ಮೆಸೇಜುಗಳು, ಹಣ ಹೋದ ಯುಪಿಐ ನಂಬರು, ಇವನ್ನು ಮೊದಲು ಇಟ್ಟುಕೊಳ್ಳಿ. ಠಾಣೆಯಲ್ಲಿ ಕೇಳುವುದು ಅದನ್ನೇ.